ಇಳಿಯುವ ನಾಡಿ

ಓಟ ಮುಗಿದೊಡನೆ ಎಲ್ಲರೂ ಕೇಳುವುದು
ಎಷ್ಟಕ್ಕೆ ಏರಿತು ಅಂತ.
ಯಾರೊಸ್ಲಾವಾ ಒಮೆಲ್ಯಾನಿವ್ನಾ ಮಾತ್ರ
ಕುತ್ತಿಗೆಗೆ ಎರಡು ಬೆರಳು ಒತ್ತಿಸಿ,
ಒಂದು ನಿಮಿಷ ಕಾದು,
ಎಷ್ಟಕ್ಕೆ ಇಳಿಯಿತು? ಅನ್ನುತ್ತಾರೆ.
ಏರುವುದು ಕುದುರೆಗೂ ಗೊತ್ತು.
ನೀವು ಇಳಿಯುವುದನ್ನು ಕಲಿಯಿರಿ.

ದ್ರೊಹೊಬಿಚ್ ಊರು, ವ್ಯಾಯಾಮ ವಿಭಾಗ, ನಾಲ್ಕನೇ ವರ್ಷ.
ಹನ್ನೊಂದು ಜನ ನಾವು, ನಾಳಿನ ಡ್ರಿಲ್ ಮೇಷ್ಟ್ರುಗಳು.
ಗಾಳಿ ಇತ್ತ ತಿರುಗಿದರೆ
ಉಪ್ಪು ಬೇಯಿಸುವ ಹಳೆಯ ಕಾರ್ಖಾನೆಯ ಸೌದೆ ಹೊಗೆ
ಪಲ್ಟಿ ಹೊಡೆಯುವ ಚಾಪೆಗೂ ಹತ್ತುತ್ತದೆ.
ಆ ಚಾಪೆಯ ಮೇಲೆ
ಗುರುವಾರಕ್ಕೊಮ್ಮೆ ಸುಮ್ಮನೆ ಮಲಗಿಸುತ್ತಾರೆ ನಮ್ಮನ್ನು,
ಇಪ್ಪತ್ತು ನಿಮಿಷ.
ಇದಕ್ಕೂ ಅಂಕವುಂಟೇ ಎಂದು ನಜಾರ್ ಗೊರಕೆಯ ನಟನೆ ಮಾಡಿದ;
ನಿಜವಾಗಿಯೇ ನಿದ್ದೆಹೋದ.

ತರಬೇತಿಗೆ ಹಳ್ಳಿಯ ಶಾಲೆಗೆ ಕಳಿಸುವಾಗ
ಒಬ್ಬೊಬ್ಬರಿಗೆ ಒಂದು ಚೌಕಳಿ ಪುಸ್ತಕ, ಎರಡು ಕಾಲಂ:
ಕೊನೆಯ ಪಿರಿಯಡ್ ಮುಗಿದಾಗಿನ ನಾಡಿ,
ರಾತ್ರಿ ಒಂಬತ್ತರ ನಾಡಿ.
ಸುಳ್ಳು ಬರೆದರೆ ನನಗೆ ತಿಳಿಯದು, ಎಂದರು,
ನಿಮ್ಮ ಎದೆಗೆ ತಿಳಿಯುತ್ತದೆ.

ಮೂವತ್ತೆಂಟು ಮಕ್ಕಳು, ಮೂರು ಚೆಂಡು,
ಅದರಲ್ಲೊಂದು ಗಾಳಿ ತುಂಬಿದಂತೆ ನಟಿಸುವುದು.
ಹಬ್ಬಕ್ಕೆ ಬೆಂಚು ಹೊರಲು ನಾನು,
ನಿಮಗೇನು, ತೋಳಿದೆಯಲ್ಲ!
ಗಣಿತದವರಿಗೆ ಪಾಠ ಉಳಿದರೆ ನನ್ನ ಪಿರಿಯಡ್ಡು,
ನಿಮ್ಮದೇನು, ಆಟ ತಾನೇ!
ಸೈರನ್ ಕೂಗಿದರೆ
ತಲೆ ಎಣಿಸಿ ನೆಲಮಾಳಿಗೆಗೆ ಇಳಿಸುವವನೂ ನಾನೇ,
ಸೀಟಿ ಇರುವುದು ನನ್ನ ಕೊರಳಲ್ಲಿ.
ಸಂಜೆ ಫುಟ್ಬಾಲು, ಶನಿವಾರ ಪಂದ್ಯ, ಭಾನುವಾರ ವರದಿ.
ಬೇಡ ಎನ್ನಲು ಬಾಯಿ ಬರಲಿಲ್ಲ.
ಗಟ್ಟಿಮುಟ್ಟು ಹುಡುಗ, ದಣಿಯುತ್ತೇನೆ ಅನ್ನುವುದು ಹೇಗೆ?

ಹದಿನಾರನೇ ದಿನ
ಕಿಟಕಿ ಕಟ್ಟೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದ ಉಲ್ಯಾನಾಳ ಮೇಲೆ
ನಾನು ಕೂಗಿದೆ.
ಏನು ಕೂಗಿದೆನೋ ನೆನಪಿಲ್ಲ.
ಗೋಡೆಗೆ ತಾಗಿ ಮರಳಿದ ದನಿ ನೆನಪಿದೆ,
ನನ್ನ ಬಾಲ್ಯದ ಡ್ರಿಲ್ ಮೇಷ್ಟ್ರ ದನಿ,
ನಾನು ಎಂದೂ ಆಗುವುದಿಲ್ಲವೆಂದು ಆಣೆಯಿಟ್ಟ ಆತನದು.
ಮೂವತ್ತೇಳು ಮಕ್ಕಳು ಚೆಂಡು ಹಿಡಿದು ನಿಂತರು.
ಆಕೆ ಇಳಿದು ಬಂದು ಸಾಲಿನ ತುದಿಗೆ ಸೇರಿಕೊಂಡಳು.
ವಿಧೇಯತೆಯಷ್ಟು ಅವಮಾನ ಬೇರೆ ಯಾವುದೂ ಕೊಟ್ಟಿರಲಿಲ್ಲ ನನಗೆ.

ಒಮೆಲ್ಯಾನಿವ್ನಾ ಪುಸ್ತಕ ತಿರುವಿದರು.
ಎರಡನೇ ಕಾಲಂ ಮೇಲೆ ಉಗುರು ನಿಂತಿತು:
ಅರವತ್ತಾರು, ಎಪ್ಪತ್ತೊಂದು, ಎಂಬತ್ತು, ತೊಂಬತ್ತೆರಡು.
ಮಾರ್ಕಿಯಾನ್, ಈ ರಾತ್ರಿ ಒಂಬತ್ತಕ್ಕೆ
ನೀನು ಎಲ್ಲಿ ಓಡುತ್ತಿದ್ದೆ?

ಮಂಚದ ಮೇಲೆ, ಎಂದೆ.

ಅವರು ನಗಲಿಲ್ಲ. ಥರ್ಮಾಸಿನಿಂದ ಚಹಾ ಬಗ್ಗಿಸಿದರು.
ನಾನೂ ಒಂದು ಚಳಿಗಾಲ ಹೀಗೇ ಓಡಿದೆ, ಎಂದರು,
ಸೀಟಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.
ಮಕ್ಕಳ ಮೇಲಿನ ಪ್ರೀತಿ ಹೋಯಿತು ಅಂದುಕೊಂಡಿದ್ದೆ.
ಹೋಗಿದ್ದು ನಿದ್ದೆ.
ಆಮೇಲೆ ಬಹಳ ಹೊತ್ತು ಮಾತಿಲ್ಲ.
ಎದ್ದು ಹೊರಡುವಾಗ
ಭಾನುವಾರದ ವರದಿಯನ್ನು ನನ್ನ ಚೀಲದಿಂದ ಎತ್ತಿ
ತಮ್ಮ ಚೀಲಕ್ಕೆ ಹಾಕಿಕೊಂಡರು.
ಬೆಂಚು ಹೊರಲು ಕರೆದರೆ ಏನನ್ನಬೇಕು, ಹೇಳು?
ಬೇಡ, ಎಂದೆ.
ಇನ್ನೊಮ್ಮೆ. ಹೊಟ್ಟೆಯಿಂದ.
ಬೇಡ.
ಎಸೆತ ಕಲಿಸುವಾಗಲೂ ಅವರು ಹೀಗೇ,
ಮತ್ತೆ, ಮತ್ತೆ.

ಸೋಮವಾರ ಉಲ್ಯಾನಾ ಅದೇ ಕಿಟಕಿಯಲ್ಲಿದ್ದಳು.
ಕ್ಷಮಿಸು ಅನ್ನುವುದು ಎಷ್ಟು ಸಣ್ಣ ಮಾತು,
ಆದರೂ ಹೊಸ ಬೂಟಿನಂತೆ ಕಚ್ಚಿತು.
ಆಡು ಎನ್ನಲಿಲ್ಲ.
ಸ್ಟಾಪ್‌ವಾಚ್ ಕೊಟ್ಟು,
ಮಕ್ಕಳ ಜೊತೆ ನಾಲ್ಕು ಸುತ್ತು ಓಡಿ ಬಂದು
ಮುಂಗೈ ಚಾಚಿದೆ.

ತಣ್ಣನೆಯ ಎರಡು ಬೆರಳು.
ತುಟಿ ಅಲುಗಿಸುತ್ತ ಎಣಿಸಿದಳು.
ನೂರ ಐವತ್ತೆರಡು.
ಸೀಟಿ ಊದಲು ಕೈ ತಾನಾಗಿ ಕೊರಳಿಗೆ ಹೋಯಿತು.

ಅಲ್ಲಾಡಬೇಡಿ, ಎಂದಳು.
ಇನ್ನೂ ಒಂದು ನಿಮಿಷ ಇದೆ.